ಮೊದಲ ಉಪ್ಪುನೀರಿನ ಟ್ಯಾಂಕ್: ಕಲ್ಲು ಹೇಗೆ ತಯಾರು ಮಾಡಿದಿರಿ?

ಕೇಳಿದವರು, ತುಮಕೂರು ಶಿರಾ ಗೇಟ್

ಎಂಟು ವರ್ಷದಿಂದ ಗಪ್ಪಿ, ಗೋಲ್ಡ್ ಫಿಶ್ ಸಾಕಿದ್ದೇನೆ. ಈಗ ಮಗಳ ಹಟಕ್ಕೆ ಉಪ್ಪುನೀರಿನ ಟ್ಯಾಂಕ್ ಇಡುತ್ತಿದ್ದೇನೆ. ಮೂರಡಿ ಉದ್ದ, ಸುಮಾರು 150 ಲೀಟರ್. ಎರಡು ಕ್ಲೌನ್ ಫಿಶ್ ಇದ್ದರೆ ಸಾಕು, ಹವಳ ಈಗಲೇ ಬೇಡ. ಬೆಂಗಳೂರಿನಿಂದ 14 ಕೆ.ಜಿ. ಡ್ರೈ ರಾಕ್, ಅಂದರೆ ಉಪ್ಪುನೀರಿನ ಟ್ಯಾಂಕಿಗೆ ಹಾಕುವ ಒಣ ಕಲ್ಲು ತಂದಿದ್ದೇನೆ. ಬಿಳಿ ಕಲ್ಲು, ಮೈಯೆಲ್ಲ ತೂತು. ಅಂಗಡಿಯವರು "ನಲ್ಲಿ ಕೆಳಗೆ ತೊಳೆದು ಹಾಕಿ, ವಾರಕ್ಕೆ ಮೀನು ಬಿಡಿ" ಅಂದರು. ಸ್ನೇಹಿತರೊಬ್ಬರು ಆಸಿಡ್‌ನಲ್ಲಿ ನೆನೆಸಲೇಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಕಲ್ಲು ಸ್ವಲ್ಪ ಕಡಿಮೆ ಬೀಳಬಹುದು ಅನಿಸುತ್ತಿದೆ. ದೇವರಾಯನದುರ್ಗದ ಕಡೆಯಿಂದ ನಾಲ್ಕು ಕಲ್ಲು ತಂದು ಸೇರಿಸಬಹುದಾ?

ಕೋಲಾರದಿಂದ

ಅಣ್ಣ, ವಾರಕ್ಕೆ ಮೀನು ಬಿಡುವ ಮಾತು ಮೊದಲು ಮರೆತುಬಿಡಿ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು. ಕಲ್ಲು ಹಾಲಿನಷ್ಟು ಬೆಳ್ಳಗಿತ್ತು, ಇನ್ನೇನು ಕೊಳೆ ಇರುತ್ತೆ ಅಂದುಕೊಂಡೆ. ಒಣಗಿ ಸತ್ತ ಹುಳ, ಸ್ಪಂಜು, ಪಾಚಿ ಎಲ್ಲ ತೂತಿನೊಳಗೇ ಕೂತಿರುತ್ತವೆ. ನೀರು ಬಿದ್ದ ಮೇಲೆ ಕೊಳೆಯಲು ಶುರು. ಮೊದಲು ಅಮೋನಿಯಾ ಏರಿತು, ಒಂದು ಮೀನು ಹೋಯಿತು. ಎರಡನೇ ತಿಂಗಳಿಗೆ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ದಿನಾ ಟೂತ್ ಬ್ರಷ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಕೊನೆಗೆ ಎಲ್ಲ ಹೊರಗೆ ತೆಗೆದು ಮೊದಲಿಂದ ಮಾಡಿದೆ.

ಈಗ ಮಾಡುವುದು ಹೀಗೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ ಒಂದು ತನ್ನಿ. ಕಲ್ಲಿನ ಕೆಲಸವೆಲ್ಲ ಡ್ರಮ್ಮಿನಲ್ಲೇ ಮುಗಿಯಬೇಕು, ಟ್ಯಾಂಕಿನಲ್ಲಿ ಅಲ್ಲ. ಮೊದಲು ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಪೈಪಿನ ನೀರು ಜೋರಾಗಿ ಬಿಟ್ಟು ತೂತುಗಳನ್ನು ತೊಳೆಯಿರಿ. ಆಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ವಾಸನೆ ಬೆರೆಸದ ಲಿಕ್ವಿಡ್ ಬ್ಲೀಚ್ ಹಾಕಿ ಎರಡು ದಿನ ನೆನೆಸಿ. ಮಹಡಿ ಮೇಲೆ ಇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸಾಮಾನ್ಯ ಬ್ಲೀಚಿಂಗ್ ಪೌಡರ್ ಬೇಡ, ಅದರ ಸುಣ್ಣದ ಗಷ್ಟು ತೂತಿನಲ್ಲಿ ಉಳಿಯುತ್ತದೆ. ನಂತರ ಮೂರು ನಾಲ್ಕು ಸಲ ತೊಳೆದು, ಆಂಟಿ ಕ್ಲೋರಿನ್ ಹಾಕಿದ ನೀರಿನಲ್ಲಿ ಒಂದು ದಿನ ಬಿಟ್ಟು, ಬಿಸಿಲಿಗೆ ಒಣಗಿಸಿ. ವಾಸನೆ ಪೂರ್ತಿ ಹೋಗುವವರೆಗೂ. ನಮ್ಮ ಕಡೆ ಬಿಸಿಲಿಗೆ ಬರ ಇಲ್ಲವಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಮತ್ತೆ ತಪ್ಪು. ಬ್ಲೀಚ್ ಕೊಳೆಯುವ ಪದಾರ್ಥವನ್ನು ಸುಡುತ್ತದೆ, ಕಲ್ಲು ಹೀರಿಕೊಂಡ ಫಾಸ್ಫೇಟನ್ನು ಮುಟ್ಟುವುದಿಲ್ಲ. ಪಾಚಿಗೆ ಅದೇ ಊಟ. ಹಾಗಾಗಿ ಡ್ರಮ್ಮಿನಲ್ಲಿ ಆರ್‌ಒ ನೀರು ತುಂಬಿ, ಸಣ್ಣ ಪಂಪ್ ಓಡಿಸಿ, ವಾರಕ್ಕೊಮ್ಮೆ ನೀರು ಬದಲಿಸಿ. ಬದಲಿಸುವ ಮೊದಲು ಫಾಸ್ಫೇಟ್ ಟೆಸ್ಟ್ ಮಾಡಿ. ವಾರ ಕಳೆದರೂ 0.1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.1 ಪಾಲು) ದಾಟದೆ ನಿಂತರೆ ಕಲ್ಲು ಸಿದ್ಧ. ನನಗೆ ಏಳು ವಾರ ಹಿಡಿಯಿತು. ಈ ಹಂತಕ್ಕೆ ಉಪ್ಪು ಬೇಕಿಲ್ಲ, ದುಡ್ಡು ಉಳಿಯುತ್ತೆ.

ಚಿಕ್ಕಬಳ್ಳಾಪುರದಿಂದ (ಕಾಲೇಜು ಲ್ಯಾಬಿನಲ್ಲಿ ಕೆಲಸ)

ಆಸಿಡ್ ಬಗ್ಗೆ ನಾನು ಹೇಳುತ್ತೇನೆ. ಕೆಲಸ ಮಾಡುತ್ತೆ, ಸುಳ್ಳಲ್ಲ. ಈ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಆಸಿಡ್ ತಗುಲಿದರೆ ನೊರೆ ಎದ್ದು ಮೇಲ್ಪದರ ಕರಗುತ್ತದೆ, ಅದರ ಜೊತೆ ಫಾಸ್ಫೇಟೂ ಹೋಗುತ್ತದೆ. ಆದರೆ ಮೊದಲ ಸಲ ಮಾಡುವವರು, ಮನೆಯಲ್ಲಿ ಮಗು ಇರುವವರು ಇದಕ್ಕೆ ಕೈ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಬ್ಲೀಚ್ ಉಳಿದ ಕಲ್ಲಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಾಡಿದರೆ ಆಸ್ಪತ್ರೆಯೇ ಗತಿ. ಬಾತ್‌ರೂಮ್ ತೊಳೆಯುವ ಬಣ್ಣದ ಆಸಿಡ್ ಅಂತೂ ಬೇಡವೇ ಬೇಡ.

ಕಲ್ಲನ್ನು ಕುದಿಸಿ ಅಂತಲೂ ಯಾರಾದರೂ ಹೇಳುತ್ತಾರೆ. ಕುದಿಸಬೇಡಿ. ಸಮುದ್ರದಿಂದ ಬಂದ ಕಲ್ಲಿನಲ್ಲಿ ಜೋಆಂಥಿಡ್ ಅನ್ನುವ ಜೀವಿ ಅಂಟಿದ್ದರೆ ಅದರ ವಿಷ ಹಬೆಯ ಜೊತೆ ಮೂಗಿಗೆ ಹೋಗಬಹುದು. ಪಾಲಿಟಾಕ್ಸಿನ್ ಅಂತ ಅದರ ಹೆಸರು, ತುಂಬಾ ಕೆಟ್ಟದ್ದು.

ಹಾಂ, ಕಲ್ಲು ಯಾವುದು ಅಂತ ಅಂಗಡಿಯವರನ್ನು ಕೇಳಿದಿರಾ? ಸಿಮೆಂಟ್ ಬೆರೆಸಿ ಮಾಡಿದ್ದಾದರೆ ಮೊದಮೊದಲು ಪಿಎಚ್ ಏರಿಸುತ್ತದೆ, ಜಾಸ್ತಿ ದಿನ ನೆನೆಸಬೇಕು. ನಮ್ಮ ಸಮುದ್ರದಿಂದ ಕಿತ್ತ ಹವಳದ ಅಸ್ಥಿಯಾದರೆ ವಾಪಸ್ ಕೊಡಿ. ಗಟ್ಟಿ ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ. ಸತ್ತ ತುಂಡು ಮಾರುವುದೂ ತಪ್ಪೇ.

ತುಮಕೂರು, ಬಟವಾಡಿಯಿಂದ

ಎಲ್ಲರೂ ಕಲ್ಲು ಕಲ್ಲು ಅಂತಿದ್ದೀರಿ, ನೀರಿನ ಕಥೆ ಯಾರು ಹೇಳಬೇಕು? ನಮ್ಮೂರಿನ ಬೋರ್ ನೀರು ಗೊತ್ತಲ್ಲ, ಸೋಲಾರ್ ಪೈಪು ಕಟ್ಟಿಕೊಳ್ಳುತ್ತದೆ. ಮೊದಲ ಉಜ್ಜುವಿಕೆಗೆ, ಬ್ಲೀಚ್‌ಗೆ ಅದು ನಡೆಯುತ್ತೆ. ಆಮೇಲೆ ಬೇಡ. ಫಾಸ್ಫೇಟ್ ತೆಗೆಯಲು ಹೋಗಿ ನೈಟ್ರೇಟ್, ಸಿಲಿಕೇಟ್ ತುಂಬಿಸಿದ ಹಾಗಾಗುತ್ತದೆ. ನನ್ನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕಂದು ಪಾಚಿ ಹೋಗದೆ ಕಾಡಿದ್ದು ಇದಕ್ಕೇ.

ಮನೆಯ ಆರ್‌ಒ ಇದೆ ಅಂತ ನಂಬಿ ಕೂರಬೇಡಿ. ಹಲವು ಮೆಷಿನ್‌ಗಳಲ್ಲಿ ರುಚಿಗೆ ಅಂತ ಒಂದಿಷ್ಟು ಶುದ್ಧ ಮಾಡದ ನೀರು ವಾಪಸ್ ಬೆರೆಸುವ ವಾಲ್ವ್ ಇರುತ್ತದೆ. ನಾನು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವುದು) ಇಟ್ಟು ನೋಡಿದಾಗ 90 ಇತ್ತು! ಸರ್ವಿಸ್ ಹುಡುಗನಿಗೆ ಹೇಳಿ ಆ ವಾಲ್ವ್ ಮುಚ್ಚಿಸಿ, ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಹಾಕಿಸಿದೆ. ಈಗ ಸೊನ್ನೆ. ಮನೆಯವರಿಗೆ ಕುಡಿಯಲು ಬೇರೆ ನಲ್ಲಿ ಬಿಟ್ಟಿದ್ದೇನೆ, ಇಲ್ಲಾಂದ್ರೆ ದಿನಾ ಜಗಳ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬಿಲ್ ನೋಡಿದೆ, ಸಿಮೆಂಟ್ ಕಲ್ಲಲ್ಲ, ನೆಲದಿಂದ ಅಗೆದ ಹಳೇ ಕಲ್ಲು ಅಂತೆ. ಆಸಿಡ್ ಬಿಟ್ಟೆ. ದೇವರಾಯನದುರ್ಗದ ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ? ತಮ್ಮ ಮಲ್ಪೆಗೆ ಹೋಗುತ್ತಿದ್ದಾನೆ, ಅಲ್ಲಿಂದ ತೂತಿನ ಮುರಕಲ್ಲು ತರಲಾ ಅಂತಲೂ ಕೇಳಿದ.

ಕೋಲಾರದಿಂದ

ದುರ್ಗದ್ದು ಬಂಡೆಗಲ್ಲು. ಮೀನಿಗೆ ವಿಷವೇನಲ್ಲ, ಆದರೆ ತೂತೇ ಇಲ್ಲ. ನಮಗೆ ಕಲ್ಲು ಬೇಕಿರುವುದು ಚೆಂದಕ್ಕಲ್ಲ, ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳಲಿ ಅಂತ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವವು ಅವೇ. ಸುಮ್ನೆ ಭಾರ ಹೊತ್ತು ಗಾಜು ಒಡೆದುಕೊಳ್ಳುತ್ತೀರಿ. ಮುರಕಲ್ಲು ನೋಡಲು ಥೇಟ್ ಸಮುದ್ರದ ಕಲ್ಲಿನ ಹಾಗೇ ಇರುತ್ತೆ, ಆದರೆ ಆ ಕೆಂಪೆಲ್ಲ ಕಬ್ಬಿಣ. ಚಿಕ್ಕನಾಯಕನಹಳ್ಳಿ ಕಡೆಯ ಅದಿರಿನ ಕಲ್ಲೂ ಬೇಡ. ನಮ್ಮ ಕಡೆ ಒಬ್ಬ ಪುಣ್ಯಾತ್ಮ ಕೆಜಿಎಫ್ ಸೈನೈಡ್ ದಿಬ್ಬದ ಹತ್ತಿರದ ಕಲ್ಲು ಚೆನ್ನಾಗಿದೆ ಅಂತ ಆರಿಸಿ ತಂದಿದ್ದ. ಕೈ ಮುಗಿದು ವಾಪಸ್ ಕಳಿಸಿದೆ. 14 ಕೆ.ಜಿ. ನಿಮಗೆ ಸಾಕು, ಈಜಲು ಜಾಗ ಉಳಿಯಲಿ.

ಕೇಳಿದವರು, ಆರು ವಾರದ ನಂತರ

ಡ್ರಮ್ ಇನ್ನೂ ಮಹಡಿ ಮೇಲಿದೆ. ಮೊದಲ ಬ್ಲೀಚ್ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ನಿಜಕ್ಕೂ ಬೆಚ್ಚಿಬಿದ್ದೆ. ಫಾಸ್ಫೇಟ್ ಮೊದಲ ವಾರ 1 ಪಿಪಿಎಂ, ಈ ವಾರ 0.08. ಒಂದು ದಿನ ಕರೆಂಟ್ ಹೋಗಿ ಪಂಪ್ ನಿಂತಿದ್ದೇ ಗೊತ್ತಾಗದೆ ಕೊಳೆತ ಮೊಟ್ಟೆ ವಾಸನೆ ಬಂತು, ನೀರು ಬದಲಿಸಿದ ಮೇಲೆ ಸರಿಹೋಯಿತು. ಈಗ ಉಪ್ಪು ಹಾಕಲಾ? ಮರಳು ಮೊದಲೋ, ಕಲ್ಲು ಮೊದಲೋ?

ತುಮಕೂರು, ಬಟವಾಡಿಯಿಂದ

ಉಪ್ಪು ಹಾಕಿ. ಅಡುಗೆ ಉಪ್ಪಲ್ಲ, ಮರೈನ್ ಸಾಲ್ಟ್. ಲೀಟರಿಗೆ 35ರಿಂದ 40 ಗ್ರಾಂ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬರಲಿ. ಹೀಟರ್ 26 ಡಿಗ್ರಿಗೆ ಇಡಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಅವಕ್ಕೆ ಊಟ ಅಂತ ಅಮೋನಿಯಂ ಕ್ಲೋರೈಡಿನಿಂದ ಅಮೋನಿಯಾ 2 ಪಿಪಿಎಂಗೆ ತನ್ನಿ. ಅದು ಒಂದೇ ದಿನದಲ್ಲಿ ಸೊನ್ನೆಗೆ ಇಳಿದು, ನೈಟ್ರೈಟೂ ಸೊನ್ನೆ ಆದರೆ ಮೀನಿಗೆ ಜಾಗ ರೆಡಿ. ಅಲ್ಲಿಯವರೆಗೂ ಲೈಟ್ ಹಾಕಬೇಡಿ.

ಕಲ್ಲು ಮೊದಲು. ನೇರ ಗಾಜಿನ ತಳದ ಮೇಲೆ ಕೂರಿಸಿ, ಅಲುಗಾಡದ ಹಾಗೆ. ಹಿಂದಿನ ಗಾಜಿಗೆ ಒರಗಿಸಬೇಡಿ, ಕೈ ಹೋಗುವಷ್ಟು ಸಂದಿ ಇರಲಿ. ಮರಳು ಆಮೇಲೆ ಸುತ್ತ ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟು, ಗೋಬಿ ಅನ್ನುವ ಮೀನು ಕೆಳಗೆ ಗುಂಡಿ ತೋಡಿ, ರಾತ್ರಿ ಎರಡು ಗಂಟೆಗೆ ಧಡ್ ಅಂತ ಸದ್ದು ಕೇಳಿ ಎದ್ದವನು ನಾನು.