18 ವರ್ಷ ತುಂಬುವವರೆಗೂ ಶಾಲೆ ಕಡ್ಡಾಯವಾಗಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ ಪಾಠ ನಡೆಯುತ್ತಿರುವಾಗ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗಿಯರ್‌ಗಳ ಚಿತ್ರ ಬರೆಯುತ್ತಿರುತ್ತಾನೆ. ಮೊನ್ನೆ ಹತ್ತಿರ ಹೋಗಿ ನೋಡಿದೆ. ದೊಡ್ಡ ಚಕ್ರಕ್ಕೆ 40 ಹಲ್ಲು, ಸಣ್ಣದಕ್ಕೆ 16 ಹಲ್ಲು ಎಂದು ಗುರುತು ಹಾಕಿ, ದೊಡ್ಡದು ಒಂದು ಸುತ್ತು ತಿರುಗಿದರೆ ಸಣ್ಣದು ಎರಡೂವರೆ ಸುತ್ತು ತಿರುಗುತ್ತದೆ ಎಂದು ಪಕ್ಕದಲ್ಲಿ ಬರೆದುಕೊಂಡಿದ್ದ. ಹಿಂದಿನ ವಾರದ ಪರೀಕ್ಷೆಯಲ್ಲಿ ಅನುಪಾತದ ಲೆಕ್ಕಗಳಿಗೆ ಅವನು ಒಂದಕ್ಷರವನ್ನೂ ಬರೆದಿರಲಿಲ್ಲ. ಮಾತನಾಡಿಸಿದಾಗ ಅವನು ಕೇಳಿದ್ದು ಇಷ್ಟೇ: “ಹದಿನಾರು ತುಂಬಿದ ಮೇಲೂ ಬರಲೇಬೇಕಾ ಸಾರ್?”

ಅನೇಕ ದೇಶಗಳು ಕಡ್ಡಾಯ ಶಿಕ್ಷಣದ ವಯಸ್ಸನ್ನು 18ಕ್ಕೆ ಏರಿಸಿವೆ, ಇನ್ನು ಕೆಲವು ಏರಿಸುವ ಯೋಚನೆಯಲ್ಲಿವೆ. ಮನಸ್ಸಿಲ್ಲದ ಹುಡುಗನನ್ನು ಇನ್ನೆರಡು ವರ್ಷ ಅದೇ ಬೆಂಚಿನಲ್ಲಿ ಕೂರಿಸುವುದರಿಂದ ಅವನಿಗೆ ಒಳ್ಳೆಯದಾಗುತ್ತದೆಯೇ, ಅಥವಾ ನಮ್ಮ ಹಾಜರಿ ಪುಸ್ತಕಕ್ಕೆ ಮಾತ್ರವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಮಾನ್ಯರೇ, ಈ ಕಾನೂನು ಯಾರ ವಿರುದ್ಧ ಹುಟ್ಟಿಕೊಂಡಿತು ಎಂಬುದನ್ನು ಮೊದಲು ನೋಡಬೇಕೆಂದು ನನ್ನ ಭಾವನೆ. ಓದಲೊಲ್ಲದ ಮಗುವಿನ ವಿರುದ್ಧ ಅದು ಹುಟ್ಟಿದ್ದಲ್ಲ. ಮಗುವನ್ನು ಕಾರ್ಖಾನೆಗೋ ಹೊಲಕ್ಕೋ ಎಳೆದುಕೊಳ್ಳುತ್ತಿದ್ದವರನ್ನು ತಡೆಯುವುದು ಅದರ ದೊಡ್ಡ ಉದ್ದೇಶಗಳಲ್ಲೊಂದಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1852ರಲ್ಲಿ ಮಾಡಿದ ಕಾನೂನು 8ರಿಂದ 14 ವರ್ಷದ ಮಕ್ಕಳನ್ನು ವರ್ಷಕ್ಕೆ ಕನಿಷ್ಠ 12 ವಾರ ಶಾಲೆಗೆ ಕಳಿಸಬೇಕೆಂದಷ್ಟೇ ಹೇಳಿತ್ತು. ಉಳಿದ ವಾರಗಳಲ್ಲಿ ಆ ಮಕ್ಕಳು ಎಲ್ಲಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಂಗ್ಲೆಂಡಿನಲ್ಲಿ ಶಾಲೆ ಬಿಡಬಹುದಾದ ವಯಸ್ಸು 1880ರಲ್ಲಿ 10 ಇದ್ದದ್ದು 1893ರಲ್ಲಿ 11, 1899ರಲ್ಲಿ 12, 1918ರ ಕಾಯಿದೆಯ ಮೂಲಕ 14, 1947ರಲ್ಲಿ 15, 1972ರಲ್ಲಿ 16 ಆಯಿತು. ಇಷ್ಟು ನಿಧಾನವಾಗಿ ಏರಲು ಒಂದು ಕಾರಣ ಬಹಳ ಸರಳವಾದದ್ದು: ಒಂದು ವರ್ಷ ಏರಿಸಿದರೆ ಒಂದು ಇಡೀ ತರಗತಿಯಷ್ಟು ಮಕ್ಕಳಿಗೆ ಕೋಣೆ, ಬೆಂಚು, ಶಿಕ್ಷಕರು ಬೇಕಾಗುತ್ತಾರೆ. 1947ರಲ್ಲಿ ಅಲ್ಲಿ ಕೋಣೆಗಳು ಸಾಲದೆ, ಮೊದಲೇ ಎರಕ ಹೊಯ್ದ ಕಾಂಕ್ರೀಟಿನ ಭಾಗಗಳನ್ನು ಜೋಡಿಸಿ ತಾತ್ಕಾಲಿಕ ಕೊಠಡಿಗಳನ್ನು ಎಬ್ಬಿಸಬೇಕಾಯಿತು, ಮತ್ತು ಆ ತಾತ್ಕಾಲಿಕ ಕೊಠಡಿಗಳಲ್ಲಿ ಎಷ್ಟೋ ಶಾಲೆಗಳು ದಶಕಗಳ ಕಾಲ ಪಾಠ ನಡೆಸಿದವು.

ಇನ್ನೊಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ 138ನೇ ಒಪ್ಪಂದವು, ದುಡಿಮೆಗೆ ಸೇರಬಹುದಾದ ಕನಿಷ್ಠ ವಯಸ್ಸು ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗಿಂತ ಕಡಿಮೆ ಇರಬಾರದೆಂದು ಹೇಳುತ್ತದೆ. ಶಾಲೆ ಬಿಡುವ ವಯಸ್ಸು ಮೊದಲು ಬಂದು, ದುಡಿಯುವ ವಯಸ್ಸು ತಡವಾಗಿ ಬಂದರೆ ನಡುವಿನ ವರ್ಷಗಳಲ್ಲಿ ಮಗು ಎಲ್ಲಿಯೂ ಇರುವುದಿಲ್ಲ. ಹಿಂದುಮುಂದಾದರೆ ಶಾಲೆಯಲ್ಲಿರಬೇಕಾದ ಮಗು ಕಾನೂನಿನ ಒಪ್ಪಿಗೆಯಿಂದಲೇ ಕೆಲಸದಲ್ಲಿರುತ್ತದೆ. ಆದ್ದರಿಂದ 18 ಸರಿಯೇ ಎಂದು ಕೇಳುವಾಗ, ಆ ವಯಸ್ಸಿನವರನ್ನು ದುಡಿಮೆಗೆ ಇಟ್ಟುಕೊಳ್ಳುವವರಿಗೆ ಏನು ನಿಯಮವಿದೆ ಎಂದೂ ಜೊತೆಯಲ್ಲೇ ಕೇಳಬೇಕು.

ಎರಡನೆಯ ಉತ್ತರ

ನಾನು 15ನೇ ವಯಸ್ಸಿನಲ್ಲಿ ಶಾಲೆ ಬಿಟ್ಟವಳು. ಮೇಲಿನವರು ಕಾನೂನಿನ ಬಗ್ಗೆ ಬರೆದಿರುವುದನ್ನು ಗೌರವದಿಂದ ಓದಿದೆ, ಆದರೆ ಬಿಡುವುದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕೆನಿಸಿತು. ಯಾರೂ ಒಂದು ದಿನ ಬೆಳಿಗ್ಗೆ ಎದ್ದು ಶಾಲೆ ಬಿಡುವುದಿಲ್ಲ. ಅಪ್ಪನಿಗೆ ಹುಷಾರಿಲ್ಲದೆ ನಾನು ಒಂದು ವಾರ ಮನೆಯಲ್ಲಿ ಉಳಿದೆ. ಮರಳಿ ಹೋದಾಗ ಬೀಜಗಣಿತದಲ್ಲಿ ಒಂದು ಅಧ್ಯಾಯ ಮುಗಿದುಹೋಗಿತ್ತು, ಬೋರ್ಡಿನ ಮೇಲೆ ಇದ್ದದ್ದು ಒಂದೂ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಯಿತು. ಮುಂದಿನ ವಾರ ಎರಡು ದಿನ ತಪ್ಪಿಸಿದೆ, ಅದರ ಮುಂದಿನ ವಾರ ನಾಲ್ಕು. ಆಮೇಲೆ ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ನನ್ನ ಕೈಯಲ್ಲಿ ಹೊಲಿಗೆಯಾಗುತ್ತಿದ್ದದ್ದು ನನ್ನದೇ ತರಗತಿಯವರ ಪಠ್ಯಪುಸ್ತಕಗಳು ಎಂಬುದು ಇಂದಿಗೂ ಮರೆಯುವಂಥದ್ದಲ್ಲ. ಇಷ್ಟೆಲ್ಲ ಆಗುವಾಗ ಶಾಲೆಯಿಂದ ಒಬ್ಬರೂ ಮನೆಗೆ ಬಂದು ಕೇಳಲಿಲ್ಲ.

29ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಆದರೆ ಆ ವಯಸ್ಸಿನಲ್ಲಿ, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದರ ಮೇಲೆ ಓದುವುದು ಎಷ್ಟು ದುಬಾರಿ ಎಂದು ಓದಿದವರಿಗೇ ಗೊತ್ತು. ಆದ್ದರಿಂದ ವಯಸ್ಸನ್ನು ಏರಿಸಬಾರದೆಂದು ನಾನು ಹೇಳಲಾರೆ. ನಾಲ್ಕನೆಯ ದಿನ ಬಾಗಿಲಿಗೆ ಬಂದು “ಯಾಕಮ್ಮ ಬರಲಿಲ್ಲ?” ಎಂದು ಕೇಳುವ ಜವಾಬ್ದಾರಿ ಯಾರದು ಎಂಬುದನ್ನೂ ಆ ಕಾನೂನಿನಲ್ಲೇ ಬರೆಯಬೇಕು ಎನ್ನುತ್ತೇನೆ.

ಮೂರನೆಯ ಉತ್ತರ

ಅಕ್ಕನವರು ಕೇಳಿದ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ಕಡ್ಡಾಯ ಎಂದರೆ ಯಾರಿಗೆ ಕಡ್ಡಾಯ? ಭಾರತದ 2009ರ ಶಿಕ್ಷಣ ಹಕ್ಕು ಕಾಯಿದೆ ಈ ಪದಕ್ಕೆ ಕೊಟ್ಟಿರುವ ಅರ್ಥವನ್ನು ಬಹಳ ಮಂದಿ ಗಮನಿಸಿಲ್ಲ. 6ರಿಂದ 14 ವರ್ಷದ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರ್ಣಗೊಳಿಸುವಿಕೆಯನ್ನು ಖಚಿತಪಡಿಸುವುದು ಸರ್ಕಾರದ ಹೊಣೆ ಎಂಬುದೇ ಅಲ್ಲಿ “ಕಡ್ಡಾಯ”ದ ವಿವರಣೆ. ಆದರೆ ಆ ಹೊಣೆ 14ಕ್ಕೆ ನಿಲ್ಲುತ್ತದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯಿದೆಯು 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಹಾಗಾಗಿ ಆ ವಯಸ್ಸಿನವರಿಗೆ ಶಾಲೆಯೂ ಕಡ್ಡಾಯವಲ್ಲ, ಉಳಿದ ಕೆಲಸಗಳಿಗೆ ತಡೆಯೂ ಇಲ್ಲ.

ಫಿನ್ಲೆಂಡ್ 2021ರಲ್ಲಿ ವಯಸ್ಸನ್ನು 18ಕ್ಕೆ ಏರಿಸಿದಾಗ ಆ ಹಂತದ ಪಠ್ಯಪುಸ್ತಕ ಮತ್ತು ಕಲಿಕೆಗೆ ಬೇಕಾದ ಸಲಕರಣೆಗಳನ್ನೂ ಉಚಿತ ಮಾಡಿತು. ಕಡ್ಡಾಯ ಮಾಡಿದವರೇ ಖರ್ಚು ಹೊರಬೇಕೆಂಬ ನ್ಯಾಯ ಅದರಲ್ಲಿದೆ. ಜರ್ಮನಿಯಲ್ಲಿ ಪೂರ್ಣಾವಧಿ ಶಾಲೆ ರಾಜ್ಯಕ್ಕೆ ತಕ್ಕಂತೆ 9 ಅಥವಾ 10 ವರ್ಷ. ಅನಂತರ ಕಸುಬು ಕಲಿಯಲು ಸೇರುವವರು ವಾರದ ಹೆಚ್ಚಿನ ದಿನ ಕಂಪನಿಯಲ್ಲಿ ಕೆಲಸ ಕಲಿತು, ಒಂದೆರಡು ದಿನ ವೃತ್ತಿ ಶಾಲೆಗೆ ಹೋಗುತ್ತಾರೆ. ಇಂಗ್ಲೆಂಡ್ ಕೂಡ 2013ರಲ್ಲಿ 17ಕ್ಕೆ, 2015ರಲ್ಲಿ 18ಕ್ಕೆ ಏರಿಸಿದ್ದು ಶಾಲೆಯಲ್ಲಿ ಕೂರುವ ವಯಸ್ಸನ್ನಲ್ಲ. ಕಾಲೇಜು, ಅಪ್ರೆಂಟಿಸ್‌ಶಿಪ್, ಅಥವಾ ಕೆಲಸದ ಜೊತೆಗೆ ಅರೆಕಾಲಿಕ ತರಬೇತಿ, ಇವುಗಳಲ್ಲಿ ಯಾವುದಾದರೂ ಆಗಬಹುದು.

ಪ್ರಶ್ನೆ ಕೇಳಿದ ಮೇಷ್ಟ್ರಿಗೆ ಒಂದು ಮಾತು: ಮನಸ್ಸಿಲ್ಲದವನಿಗೆ ಹೆಚ್ಚುವರಿ ವರ್ಷದಿಂದ ಲಾಭವೇ ಇಲ್ಲ ಎನ್ನುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಆಂಗ್ರಿಸ್ಟ್ ಮತ್ತು ಕ್ರೂಗರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಆರಂಭದಲ್ಲಿ ಹುಟ್ಟಿದವರು ಶಾಲೆ ಬಿಡಬಹುದಾದ ವಯಸ್ಸನ್ನು ಕೆಲವು ತಿಂಗಳು ಮೊದಲೇ ಮುಟ್ಟುವುದರಿಂದ ಸರಾಸರಿ ಸ್ವಲ್ಪ ಕಡಿಮೆ ಓದಿರುತ್ತಾರೆ, ಅವರ ಗಳಿಕೆಯೂ ಸ್ವಲ್ಪ ಕಡಿಮೆ ಎಂದು ತೋರಿಸಿದರು. ಆ ವಿಧಾನದ ಬಗ್ಗೆ ಆಮೇಲೆ ಬಲವಾದ ಆಕ್ಷೇಪಗಳು ಬಂದಿವೆ, ನಿಜ. ಆದರೂ ಕಾನೂನಿನ ಒತ್ತಾಯಕ್ಕೆ ಉಳಿದವರಿಗೂ ಓದು ಕೈಹಿಡಿದಿರಬಹುದು ಎಂಬ ಸಾಧ್ಯತೆಯನ್ನು ತಳ್ಳಿಹಾಕಬೇಡಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ಅದೇ ಬೆಂಚು ಎಂದು ನಾನು ಬರೆದಿದ್ದೆ. ಬೆಂಚು ಅದೇ ಆಗಿರಬೇಕಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಗಳಿಕೆಯ ಲೆಕ್ಕ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಏಕೆಂದರೆ ಪ್ರತಿದಿನ ತಾನು ದಡ್ಡನೆಂದು ಕೇಳಿಸಿಕೊಂಡು ಕಳೆಯುವ ಎರಡು ವರ್ಷ ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ. ನಿನ್ನೆ ಅನುಪಾತದ ಪಾಠಕ್ಕೆ ಆ ಹುಡುಗನ ಚಿತ್ರವನ್ನೇ ಬೋರ್ಡಿನ ಮೇಲೆ ಬರೆದು, ವಿವರಿಸಲು ಅವನನ್ನೇ ಕರೆದೆ. ಹತ್ತು ನಿಮಿಷ ಮಾತನಾಡಿದ. ಇವತ್ತು ಅವನು ಬಂದಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಮನೆಗೆ ಹೋಗುತ್ತಿದ್ದೇನೆ.