ಕ್ರೀಮ್ ಬಿಟ್ಟರೆ ಮೊಡವೆ ಜಾಸ್ತಿ ಆಗುತ್ತಿದೆ, ಏನು ಮಾಡಲಿ? (ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ಹಾವೇರಿಯಿಂದ ಒಬ್ಬ ತಾಯಿ): ನಮಸ್ಕಾರ ಡಾಕ್ಟ್ರೇ. ನನ್ನ ಮಗಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಎರಡು ವರ್ಷದಿಂದ ಮೊಡವೆ. ಪಕ್ಕದ ಮನೆಯವರು ಒಂದು ಕ್ರೀಮ್ ಹೇಳಿದರು. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೇ ಕೊಟ್ಟರು. ಹತ್ತೇ ದಿನದಲ್ಲಿ ಮುಖ ಫಳಫಳ ಹೊಳೆಯಿತು. ನಾಲ್ಕು ತಿಂಗಳು ಹಚ್ಚಿದಳು. ಈಗ ಬಿಟ್ಟರೆ ಮುಖ ಕೆಂಪಾಗುತ್ತದೆ, ಉರಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮತ್ತೆ ಹಚ್ಚಿದರೆ ಎರಡು ದಿನಕ್ಕೆ ಸರಿ. ನಮ್ಮ ಅತ್ತೆ ಇದು ಉಷ್ಣ ಅಂತ ಶೇಂಗಾ ಬಿಡಿಸಿದ್ದಾರೆ. ಕಾಲೇಜಿಗೂ ಮುಖಕ್ಕೆ ದುಪಟ್ಟಾ ಸುತ್ತಿಕೊಂಡೇ ಹೋಗುತ್ತಾಳೆ.

ಉತ್ತರ: ಅಮ್ಮಾ, ಶೇಂಗಾ ತಿನ್ನಲಿ ಬಿಡಿ. ನನಗೆ ಚಿಂತೆ ಇರುವುದು ಆ ಕ್ರೀಮಿನದು. ನೀವು ಹೇಳಿದ್ದನ್ನು ನೋಡಿದರೆ ಅದರಲ್ಲಿ ಸ್ಟೀರಾಯ್ಡ್ ಇರಬೇಕು. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೋಲೋನ್ ಅಂತ ಏನಾದರೂ ಇದೆಯಾ ನೋಡಿ. ಸ್ಟೀರಾಯ್ಡ್ ಮೊದಲು ಊತ, ಕೆಂಪು ಎಲ್ಲವನ್ನೂ ಅಡಗಿಸುತ್ತದೆ. ಅದಕ್ಕೇ ಮುಖ ಹೊಳೆಯಿತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳ ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು ಬರುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೇ ಮಾರುವಂತಿಲ್ಲ. ಆದರೂ ಸುಲಭವಾಗಿ ಸಿಗುತ್ತಿವೆ. ವಾರ ವಾರ ಇಂಥ ಮುಖಗಳನ್ನು ನೋಡಿ ನನಗೆ ಸಂಕಟ ಆಗುತ್ತದೆ.

ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚಬೇಡಿ. ಬಿಟ್ಟ ಮೇಲೆ ಕೆಲವು ವಾರ ಮುಖ ಇನ್ನೂ ಕೆಡುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆ ದಿನಗಳನ್ನು ದಾಟಲು ಚರ್ಮದ ಡಾಕ್ಟರ್ ಬೇರೆ ಔಷಧಿ ಕೊಡುತ್ತಾರೆ. ಅಲ್ಲಿಯವರೆಗೆ ಸುಗಂಧ ಸೇರಿಸದ ಸೌಮ್ಯ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್, ಅಷ್ಟೇ. ನಿಂಬೆರಸ, ಟೂತ್‌ಪೇಸ್ಟ್ ಬೇಡವೇ ಬೇಡ.

ಅದೇ ತಾಯಿ: ಹಾಗಾದರೆ ಮೊದಲು ಮೊಡವೆ ಬಂದಿದ್ದಾದರೂ ಯಾಕೆ? ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೆಯುತ್ತಾಳೆ.

ಉತ್ತರ: ಕೊಳೆಯಿಂದ ಮೊಡವೆ ಬರುವುದಿಲ್ಲ ಅಮ್ಮಾ. ಹರೆಯಕ್ಕೆ ಬಂದಾಗ ಹಾರ್ಮೋನ್ ಜಾಸ್ತಿಯಾಗಿ ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಎಣ್ಣೆ ಬಿಡುತ್ತವೆ. ಸತ್ತ ಚರ್ಮದ ಪುಡಿ ಸೇರಿ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಇದೆಯಲ್ಲ, ಅದೂ ಕೊಳೆ ಅಲ್ಲ. ಉಜ್ಜಿದರೆ ಹೋಗುವುದಿಲ್ಲ, ಚರ್ಮ ಕೆರಳುತ್ತದೆ. ದಿನಕ್ಕೆ ಎರಡು ಸಲ ತೊಳೆದರೆ ಸಾಕು. ತಲೆಗೆ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುತ್ತಾಳಾ? ಅದು ಹಣೆಗೆ ಇಳಿದು ಅಲ್ಲೂ ರಂಧ್ರ ಕಟ್ಟುತ್ತದೆ. ಸಿಹಿ ಪಾನೀಯ, ಮೈದಾ ತಿಂಡಿ ಕೆಲವರಿಗೆ ಜಾಸ್ತಿ ಮಾಡುತ್ತವೆ. ತಾಯಿ ತಂದೆಗೆ ಮೊಡವೆ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು.

ಚರ್ಮ ತಣ್ಣಗಾದ ಮೇಲೆ ಡಾಕ್ಟರ್ ಬಹುಶಃ ರಾತ್ರಿಗೆ ಅಡಾಪಲೀನ್, ಬೆಳಿಗ್ಗೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಅನ್ನುವ ಹಚ್ಚುವ ಔಷಧಿ ಹೇಳಬಹುದು. ಅಡಾಪಲೀನನ್ನು ಮೊಡವೆ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ. ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಶುರುವಿನಲ್ಲಿ ದಿನ ಬಿಟ್ಟು ದಿನ. ಬೆನ್ಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ, ಬಿಳಿ ಟವೆಲ್ ಬಳಸಲಿ. ಫಲ ಕಾಣಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ಬೇಸರವಾಗಿ ಬಿಡುವವರೇ ಜಾಸ್ತಿ.

ಪ್ರಶ್ನೆ (ಬೆಂಗಳೂರಿನಿಂದ, 24 ವರ್ಷ): ಸರ್, ಜಿಮ್ ಶುರು ಮಾಡಿದ ಮೇಲೆ ಬೆನ್ನಿನ ತುಂಬಾ ಮೊಡವೆ. ಹಳೇ ಚೀಟಿ ತೋರಿಸಿ ಡಾಕ್ಸಿಸೈಕ್ಲಿನ್ ತಗೊಳ್ತಾ ಇದ್ದೀನಿ, ಆರು ತಿಂಗಳಾಯ್ತು.

ಉತ್ತರ: ಹಾಗೆ ಮುಂದುವರಿಸಬೇಡಿ. ಮೊಡವೆಗೆ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮುಗಿಸುತ್ತೇವೆ, ಅದೂ ಹಚ್ಚುವ ಔಷಧಿಯ ಜೊತೆ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುವುದಿಲ್ಲ. ವೇ ಪ್ರೋಟೀನ್ ಪುಡಿ ಕುಡಿಯುತ್ತಿದ್ದರೆ ಕೆಲವು ವಾರ ನಿಲ್ಲಿಸಿ ನೋಡಿ. ಜಿಮ್‌ನಲ್ಲಿ ಯಾರಾದರೂ ಮೈ ಬೆಳೆಸಲು ಇಂಜೆಕ್ಷನ್ ಕೊಟ್ಟಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

ಪ್ರಶ್ನೆ (ಉಡುಪಿಯಿಂದ, 28 ವರ್ಷ): ನನಗೆ ದವಡೆಯ ಸುತ್ತ ಮಾತ್ರ ಬರುತ್ತದೆ, ಮುಟ್ಟು ಎರಡು ತಿಂಗಳಿಗೊಮ್ಮೆ. ತಂಗಿಗೆ ಐಸೊಟ್ರೆಟಿನಾಯಿನ್ ಮಾತ್ರೆಯಿಂದ ಪೂರ್ತಿ ವಾಸಿಯಾಯಿತು. ಅವಳ ಹತ್ತಿರ ಉಳಿದಿದೆ, ತಗೊಳ್ಳಲಾ? ಈ ವರ್ಷ ಮಗು ಬೇಕು ಅಂತಿದ್ದೇವೆ.

ಉತ್ತರ: ದಯವಿಟ್ಟು ಒಂದು ಮಾತ್ರೆಯನ್ನೂ ತಗೋಬೇಡಿ. ಅದು ಒಳ್ಳೆಯ ಔಷಧಿ, ಗಡ್ಡೆಯಂಥ ಮೊಡವೆಗೆ ಅಷ್ಟು ಕೆಲಸ ಮಾಡುವುದು ಬೇರೆ ಇಲ್ಲ. ಆದರೆ ಬಸುರಿಯಾಗಿದ್ದಾಗ ತಗೊಂಡರೆ ಮಗುವಿನ ಮಿದುಳು, ಹೃದಯ, ಕಿವಿಗೆ ತೀವ್ರ ತೊಂದರೆ ಆಗಬಹುದು. ತಗೊಳ್ಳುವಾಗಲೂ, ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು. ರಕ್ತ ಪರೀಕ್ಷೆಯೂ ಬೇಕು. ನಿಮ್ಮ ಲಕ್ಷಣ ನೋಡಿದರೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ, ಮೊಡವೆ ಬರುವ ತೊಂದರೆ) ಇದೆಯಾ ಅಂತ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮಗುವಿನ ಯೋಚನೆ ಇದೆ ಅಂತ ಚರ್ಮದ ಡಾಕ್ಟರಿಗೂ ಹೇಳಿ. ಅಜೆಲಾಯಿಕ್ ಆ್ಯಸಿಡ್‌ನಂಥ, ಆ ಸಮಯದಲ್ಲೂ ಹಚ್ಚಬಹುದಾದ ಔಷಧಿ ಇದೆ.

ಹಾವೇರಿಯ ತಾಯಿ: ಡಾಕ್ಟ್ರೇ, ಡಬ್ಬಿ ನೋಡಿದೆ. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಅಂತಿದೆ. ಕಸಕ್ಕೆ ಹಾಕಲಾ? ಕೆನ್ನೆ ಮೇಲಿನ ಕಲೆ ಹೋಗುತ್ತವಾ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ಎಸೆಯಬೇಡಿ, ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಒಯ್ಯಿರಿ. ಈ ವಾರವೇ ಹೋಗಿ, ಜಿಲ್ಲಾ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇರುತ್ತದೆ. ಮಗಳಿಗೆ ಹೇಳಿ: ಕಪ್ಪು ಕಲೆ ತಿಂಗಳುಗಳಲ್ಲಿ ಮಾಸುತ್ತದೆ, ಗುಳಿ ಬಿದ್ದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಮೊಡವೆ ಚಿವುಟದಿದ್ದರೆ ಹೊಸ ಗುಳಿ ಕಡಿಮೆಯಾಗುತ್ತವೆ. ಡಾಕ್ಟರ್ ಹತ್ತಿರ ಅವಳೇ ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ.