ಭತ್ತದ ಜಿಗಿಹುಳಕ್ಕೆ ಯಾವ ನಾಜಲ್?

ಪಾಂಡವಪುರದ ರೈತ: ಗದ್ದೆಗೆ ಕಂದು ಜಿಗಿಹುಳ ಬಿದ್ದಿದೆ. ಎಲೆಯಿಂದ ತೊಟ್ಟಿಕ್ಕುವಷ್ಟು ಔಷಧಿ ಹೊಡೆದರೂ ಬುಡದಲ್ಲಿ ಹುಳ ಹಾಗೇ ಇದೆ. ಬ್ಯಾಟರಿ ಪಂಪಿನ ತುದಿಯಲ್ಲಿರುವುದು ಕಳೆ ಔಷಧಿಗೆ ಹಾಕಿದ್ದ, ಬೀಸಣಿಗೆಯಂತೆ ಚಪ್ಪಟೆಯಾಗಿ ಚಿಮ್ಮುವ ಫ್ಲಾಟ್ ಫ್ಯಾನ್ ನಾಜಲ್. ಬದಲಾಯಿಸಬೇಕಾ?

ಮದ್ದೂರು ಹುಡುಗ: ಮೊದಲು ಅದನ್ನು ಬಿಚ್ಚಿ ಅಣ್ಣ. ಹುಳ, ರೋಗಕ್ಕೆ ಹಾಲೋ ಕೋನ್. ನೀರು ಒಳಗೇ ಸುತ್ತಿಕೊಂಡು ಬಂದು ಉಂಗುರದಂತೆ ಹರಡುತ್ತದೆ. ಹನಿ ಸಣ್ಣದು, ಸಂದಿಗೂ ನುಗ್ಗುತ್ತದೆ.

ಶ್ರೀರಂಗಪಟ್ಟಣ: ಸಣ್ಣ ಹನಿ ಗಾಳಿಗೆ ಹಾರುತ್ತದೆ ಅಲ್ವಾ? ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಆ ಸೊಪ್ಪು ತಿಂದ ರೇಷ್ಮೆ ಹುಳದ ಗತಿ ಏನು? ಫ್ಲಾಟ್ ಫ್ಯಾನೇ ವಾಸಿ.

ಮದ್ದೂರು ಹುಡುಗ: ಗಾಳಿ ಇದ್ದಾಗ ಯಾವ ನಾಜಲ್ಲಿನಲ್ಲೂ ಹೊಡೆಯಬಾರದು. ಫ್ಲಾಟ್ ಫ್ಯಾನ್ ನಡುವೆ ಜಾಸ್ತಿ, ಅಂಚಿಗೆ ಕಮ್ಮಿ ಸುರಿಯುತ್ತದೆ. ಟ್ರ್ಯಾಕ್ಟರ್ ಬೂಮಿನಲ್ಲಿ, ಅಂದರೆ ಸಾಲಾಗಿ ನಾಜಲ್ ಕೂರಿಸಿದ ಅಡ್ಡ ಕೊಳವೆಯಲ್ಲಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಕೂರಿಸುವುದು ಅದಕ್ಕೇ. ಕೈಯಲ್ಲಿ ಒಂದೇ ಹಿಡಿದು ಬೀಸಿದರೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ.

ನಂಜನಗೂಡು: ಸುಮ್ನೆ ಪ್ರೆಶರ್ ಏರಿಸಿ, ಎಲ್ಲ ಕಡೆ ಬೀಳುತ್ತದೆ.

ಔಷಧಿ ಅಂಗಡಿಯವ: ಬೇಡ ಸಾರ್. ಪ್ರೆಶರ್ 4 ಪಟ್ಟು ಏರಿಸಿದರೂ ನೀರು 2 ಪಟ್ಟು ಮಾತ್ರ ಜಾಸ್ತಿ ಬರುತ್ತದೆ. ಹನಿ ಇನ್ನೂ ಪುಡಿಯಾಗಿ ಹಾರಿಹೋಗುತ್ತದೆ. ನೀರು ಸಾಲದಿದ್ದರೆ ದೊಡ್ಡ ತೂತಿನದು ಹಾಕಿ. ಫ್ಲಾಟ್ ಫ್ಯಾನಿನಲ್ಲಾದರೆ ನಾಜಲ್ಲಿನ ಬಣ್ಣ ನೋಡಿ ತೂತಿನ ಅಳತೆ ತಿಳಿಯಬಹುದು: ಹಳದಿಗಿಂತ ನೀಲಿ ದೊಡ್ಡದು, ನೀಲಿಗಿಂತ ಕೆಂಪು. ಸವೆದಿದೆಯಾ ಅಂತಲೂ ನೋಡಿ. ಒಂದು ನಿಮಿಷ ಅಳತೆ ಜಗ್ಗಿಗೆ ಹಿಡಿಯಿರಿ. ಹೊಸದಕ್ಕಿಂತ ಶೇ. 10ರಷ್ಟು ಜಾಸ್ತಿ ಬಂದರೆ ಬಿಸಾಡಿ. ಕಟ್ಟಿಕೊಂಡರೆ ತಂತಿ ಹಾಕಿ ಚುಚ್ಚಬೇಡಿ, ಬಾಯಲ್ಲಂತೂ ಊದಲೇಬೇಡಿ. ಹಳೇ ಟೂತ್‌ಬ್ರಷ್ ಸಾಕು.

ಮಂಡ್ಯ, ಅಗ್ರಿ ಓದಿದವಳು: ನಾಜಲ್ ಜಗಳ ಇರಲಿ. ಜಿಗಿಹುಳ ಕೂರುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪೈರಿನ ತೆಂಡೆಯ ಬುಡದಲ್ಲಿ. ಮೇಲಿಂದ ಹೊಡೆದರೆ ಹಾಲೋ ಕೋನ್ ಕೂಡ ಎಲೆಯನ್ನಷ್ಟೇ ತೋಯಿಸುತ್ತದೆ. ಮೊದಲು ಗದ್ದೆಯ ನೀರು ಬಸಿಯಿರಿ. ಪೈರನ್ನು ಎರಡು ಕಡೆಗೆ ಸರಿಸಿ ದಾರಿ ಮಾಡಿ. ಆಮೇಲೆ ಹಾಲೋ ಕೋನ್ ಹಾಕಿ, ಕೊಳವೆ ತಗ್ಗಿಸಿ ಬುಡಕ್ಕೇ ಹೊಡೆಯಿರಿ. ನಂಬಿಕೆ ಬರದಿದ್ದರೆ ವಾಟರ್ ಸೆನ್ಸಿಟಿವ್ ಪೇಪರ್ ಅಂತ ಹಳದಿ ಕಾಗದ ಬರುತ್ತದೆ. ಒಂದನ್ನು ಮೇಲೆ, ಇನ್ನೊಂದನ್ನು ಬುಡದಲ್ಲಿ ಕ್ಲಿಪ್ ಮಾಡಿ ಬರೀ ನೀರು ಹೊಡೆದು ನೋಡಿ. ಹನಿ ಬಿದ್ದಲ್ಲಿ ನೀಲಿ ಚುಕ್ಕೆ ಮೂಡುತ್ತದೆ.

ಪಾಂಡವಪುರದ ರೈತ: ಅಷ್ಟೊಂದು ಸರಿಸಿಕೊಂಡು ಹೋಗಲು ಆಳು ಎಲ್ಲಿ ಸಿಗುತ್ತಾರಕ್ಕ? ಆ ಕಾಗದ ನಮ್ಮ ಕಡೆ ಅಂಗಡಿಯಲ್ಲಿ ಇರುತ್ತದಾ?

ಔಷಧಿ ಅಂಗಡಿಯವ: ನಮ್ಮಲ್ಲಿಲ್ಲ, ಆನ್‌ಲೈನಲ್ಲಿ ತರಿಸಬೇಕು. ಅದಿರಲಿ, ಕಳೆ ಔಷಧಿ ಹೊಡೆದ ಕ್ಯಾನೇ ಇದು? ಸೋಪು ಹಾಕಿ ತೊಳೆದಿದ್ದೀರಾ?